ಗಂಟು ಯಾರದು, ಬಿಚ್ಚುವವರು ಯಾರು?

ಕೊಪ್ಪಳದ ಭಾಗ್ಯನಗರದಿಂದ ಶಿಕ್ಷಕಿಯೊಬ್ಬರು ಬರೆದಿರುವ ಪತ್ರದ ಸಾರ ಇಷ್ಟು: ಮೂರು ಕೋಣೆಯ ಮನೆ. ಗಂಡ, ಇಬ್ಬರು ಮಕ್ಕಳು, ಅತ್ತೆ. ಎಲ್ಲಿ ಕೈಯಿಟ್ಟರೂ ಸಾಮಾನು. ಮನೆ ಅಚ್ಚುಕಟ್ಟು ಮಾಡುವುದನ್ನು ಕಲಿಸುವ ಜಪಾನಿನ ಮಾರಿ ಕೊಂಡೊ ಅವರ ವಿಧಾನದ ವಿಡಿಯೊಗಳನ್ನು ನೋಡಿ, ಬೇಸಿಗೆ ರಜೆಯಲ್ಲಿ ಮನೆ ಹಗುರ ಮಾಡಲು ಹೊರಟರು. ಅಟ್ಟದ ಮೇಲಿದ್ದ ಹಳೆಯ ಸೀರೆಗಳ ಗಂಟನ್ನು ಬೀದಿಗೆ ಬಂದ ಪಾತ್ರೆ ಮಾರುವವರಿಗೆ ಕೊಟ್ಟು ಒಂದು ಸ್ಟೀಲ್ ಡಬರಿ ತೆಗೆದುಕೊಂಡರು. ಅವು ಮೊಮ್ಮಗಳಿಗೆ ಕೌದಿ ಹೊಲಿಯಲು ಅತ್ತೆ ಎತ್ತಿಟ್ಟಿದ್ದ ಸೀರೆಗಳು. ಅಂದಿನಿಂದ ಅತ್ತೆ ಮುಖ ಕೊಟ್ಟು ಮಾತನಾಡುತ್ತಿಲ್ಲ. ‘ಬೇಡದ್ದನ್ನು ತೆಗೆಯುವುದು ತಪ್ಪೇ? ತೀರಿಕೊಂಡ ಮಾವನವರ ರೇಡಿಯೊ, ಟ್ರಂಕು ಹಾಗೇ ಇವೆ, ಅವನ್ನೇನು ಮಾಡಲಿ?’ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಸಹೋದರಿ,

ತೆಗೆಯುವುದು ತಪ್ಪಲ್ಲ, ಕೇಳದೆ ತೆಗೆದದ್ದು ತಪ್ಪು. ನಿಷ್ಠುರವಾಯಿತು ಅನ್ನಿಸಿದರೆ ಕ್ಷಮಿಸಿ. ಆದರೆ ಈ ಮಾತನ್ನು ಆಚೆ ಇಟ್ಟು ಕಪಾಟು ಜೋಡಿಸುವ ಉಪಾಯ ಹೇಳುವುದು ನನ್ನಿಂದಾಗದು.

ನೀವು ಮೆಚ್ಚಿದ ಮಾರಿ ಕೊಂಡೊ ಅವರೂ ಇದನ್ನೇ ಹೇಳುತ್ತಾರೆ. ಮೊದಲು ಬಟ್ಟೆ, ಆಮೇಲೆ ಪುಸ್ತಕ, ಕಾಗದಪತ್ರ, ಚಿಲ್ಲರೆ ಸಾಮಾನು, ಕಡೆಯಲ್ಲಿ ನೆನಪಿನ ವಸ್ತುಗಳು ಎಂಬ ಅವರ ಕ್ರಮ ನಿಮಗೆ ಬಾಯಿಪಾಠವಾಗಿದೆ. ಅದು ಅವರವರ ವಸ್ತುಗಳಿಗೆ ಹೇಳಿದ ಕ್ರಮ. ಮನೆಯವರ ಸಾಮಾನನ್ನು ಅವರಿಗೆ ಹೇಳದೆ ಎಸೆಯಬೇಡಿ, ಮೊದಲು ನಿಮ್ಮದನ್ನು ನೋಡಿಕೊಳ್ಳಿ ಎಂಬ ಎಚ್ಚರಿಕೆಯೂ ಅದರ ಜೊತೆಗೇ ಇದೆ. ಚಿಕ್ಕ ಚಿಕ್ಕ ವಿಡಿಯೊಗಳಲ್ಲಿ ಅದು ಬಿಟ್ಟುಹೋಗಿರಬಹುದು. ಮೂರು ಮಕ್ಕಳ ತಾಯಿಯಾದ ಮೇಲೆ ಅಚ್ಚುಕಟ್ಟಿನ ಹಟವನ್ನು ಹೆಚ್ಚುಕಡಿಮೆ ಬಿಟ್ಟಿದ್ದೇನೆ ಎಂದು ಅವರೇ 2023ರಲ್ಲಿ ಹೇಳಿಕೊಂಡರು. ಮಕ್ಕಳಿರುವ ಮನೆ ಫೋಟೊದ ಹಾಗೆ ಇಲ್ಲವೆಂದು ನೀವು ಕೊರಗಬೇಕಾಗಿಲ್ಲ.

ಇನ್ನು ಆ ಸೀರೆಗಳ ಮಾತು. ಕೌದಿ ಹೊಲಿಯುವುದನ್ನು ಹತ್ತಿರ ಕುಳಿತು ನೋಡಿದ್ದೀರಾ? ಪಡಸಾಲೆಯಲ್ಲಿ ಒಂದು ಗಟ್ಟಿ ಸೀರೆಯನ್ನು ಸುಕ್ಕಿಲ್ಲದಂತೆ ಹಾಸಿ, ಅದರ ಮೇಲೆ ಸವೆದ ಸೀರೆಗಳ ತುಂಡುಗಳನ್ನು ಪದರ ಪದರವಾಗಿ ಹರಡುತ್ತಾರೆ. ಅಂಚಿನಿಂದ ಶುರುವಾದ ಹೊಲಿಗೆ ಸಾಲು ಹಿಡಿದು ಒಳಗೊಳಗೆ ಹೋಗುತ್ತದೆ. ಹರಿದ ಭಾಗ ಒಳಪದರಕ್ಕೆ ಸೇರುತ್ತದೆ, ಬಣ್ಣ ಉಳಿದ ಭಾಗ ಮೇಲೆ ಬರುತ್ತದೆ. ಕೆಂಪು ಸೆರಗಿನ ಚೂರೊಂದಿದ್ದರೆ ಅದಕ್ಕೆ ನಡುವೆಯೇ ಜಾಗ. ನೂಲಿನ ಸೀರೆ ಹಳೆಯದಾದಷ್ಟೂ ಮೆತ್ತಗಾಗುವುದರಿಂದ ಈ ಕೆಲಸಕ್ಕೆ ಹೊಸ ಬಟ್ಟೆ ಒಗ್ಗುವುದಿಲ್ಲ. ಅಂದರೆ ನಿಮ್ಮ ಅತ್ತೆ ಇಟ್ಟುಕೊಂಡದ್ದು ಕಚ್ಚಾ ಮಾಲು, ಅವರ ಮನಸ್ಸಿನಲ್ಲಿ ಅದು ಆಗಲೇ ಅರ್ಧ ಕೌದಿಯಾಗಿತ್ತು. ಕೊಟ್ಟ ಗಂಟು ಮರಳಿ ಬರುವುದಿಲ್ಲ. ನಿಮ್ಮ ಕಪಾಟಿನಲ್ಲಿ ಉಡದೆ ಬಿದ್ದಿರುವ ನೂಲಿನ ಸೀರೆಗಳನ್ನು ತೆಗೆದುಕೊಂಡು ಹೋಗಿ ಅವರ ಮುಂದಿಡಿ, ತಪ್ಪಾಯಿತು ಎನ್ನಿ. ಪಾಲಿಯೆಸ್ಟರ್ ಸೀರೆ ಒಯ್ಯಬೇಡಿ, ಅದರ ಕೌದಿ ಸೆಕೆ. ಹೊಲಿಯಲು ಜೊತೆಗೆ ಕುಳಿತರೆ ಇನ್ನೂ ಒಳ್ಳೆಯದು.

ಪತ್ರದ ಜೊತೆ ನೀವು ಕಳಿಸಿದ ಸಾಮಾನಿನ ಪಟ್ಟಿಯಲ್ಲಿ ‘ಅನಗತ್ಯ’ ಎಂದು ಬರೆದ ಕೆಲವು ವಸ್ತುಗಳ ಬಗ್ಗೆ ನನ್ನ ತಕರಾರಿದೆ. ವಿಡಿಯೊದ ಮನೆಗಳಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ನೆಂಟರು ಬಂದರೆ ಹೋಟೆಲಿನಲ್ಲಿ ಇಳಿಯುತ್ತಾರೆ. ನಮ್ಮಲ್ಲಿ ಹಾಗಿಲ್ಲ. ತುಂಗಭದ್ರಾ ಅಣೆಕಟ್ಟು ಮುನಿರಾಬಾದಿನಲ್ಲಿ, ನಮ್ಮ ಮಗ್ಗುಲಲ್ಲೇ, 1953ರಿಂದ ನಿಂತಿದೆ. ಆದರೂ ಕೊಪ್ಪಳ, ರಾಯಚೂರು, ಬಳ್ಳಾರಿಯ ಎಷ್ಟೋ ಬಡಾವಣೆಗಳಲ್ಲಿ ನಲ್ಲಿ ನೀರಿಗೆ ಸರದಿ ಕಾಯಬೇಕು. ಅಲ್ಲಿ ಡ್ರಮ್ಮು, ಕೊಡಪಾನ, ಸಿಂಟೆಕ್ಸ್ ತೊಟ್ಟಿ ಇಲ್ಲದೆ ಸಂಸಾರ ನಡೆಯುವುದಿಲ್ಲ. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಬರುವ ನೆಂಟರಿಗೆ ಹಾಸಿ ಹೊದೆಯಲು ಏನಾದರೂ ಬೇಕೇ ಬೇಕು. ವರ್ಷದ ಜೋಳ, ಬೇಸಿಗೆಯಲ್ಲಿ ಒಣಗಿಸಿದ ಮೆಣಸಿನಕಾಯಿ, ಹಪ್ಪಳ, ಸಂಡಿಗೆ, ಇವು ಬರಗಾಲ ಕಂಡ ಸೀಮೆಯ ಬುದ್ಧಿವಂತಿಕೆ. ಇವುಗಳ ಮೇಲೆ ಕೈ ಹಾಕಬೇಡಿ. ಡ್ರಮ್ಮನ್ನು ಮಾತ್ರ ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗೋಡೆಯನ್ನು ತಿಕ್ಕಿ, ಒಣಗಿಸಿ. ಡೆಂಗಿಯ ಸೊಳ್ಳೆ ನೀರಿನ ಮಟ್ಟಕ್ಕೆ ತುಸು ಮೇಲೆ ಗೋಡೆಗೇ ಮೊಟ್ಟೆ ಅಂಟಿಸುತ್ತದೆ, ಬರೀ ನೀರು ಚೆಲ್ಲಿದರೆ ಅದು ಹೋಗುವುದಿಲ್ಲ.

ಹಾಗಾದರೆ ತೆಗೆಯುವುದೇನನ್ನು? ಯಾರದೂ ಅಲ್ಲದ ಸಾಮಾನನ್ನು. ಬೀರುವಿನ ತಲೆಯ ಮೇಲೆ ನೋಡಿ. ವಾರಂಟಿ ಮುಗಿದ ಮಿಕ್ಸರಿನ ಖಾಲಿ ಡಬ್ಬ, ಅದರೊಳಗೆ ಥರ್ಮೊಕೋಲ್, ಥರ್ಮೊಕೋಲಿನ ಸಂದಿಯಲ್ಲಿ ಜಿರಲೆ. ಸತ್ತ ಮೊಬೈಲು, ಯಾವುದಕ್ಕೂ ಹೊಂದದ ಚಾರ್ಜರು, ಮುಚ್ಚಳವಿಲ್ಲದ ಡಬ್ಬಿಗಳು, ಅವಧಿ ಮೀರಿದ ಮಾತ್ರೆಗಳು, ಮೂರು ವರ್ಷದ ಹಿಂದಿನ ಕ್ಯಾಲೆಂಡರು. ಇವುಗಳಿಗಾಗಿ ಯಾರೂ ಅಳುವುದಿಲ್ಲ. ಭಾನುವಾರಕ್ಕೊಂದು ಗೂಡು ಹಿಡಿಯಿರಿ, ಒಂದೇ ದಿನ ಇಡೀ ಮನೆ ಕೆಡವಬೇಡಿ. ವೈರು, ಚಾರ್ಜರುಗಳನ್ನು ತಾಮ್ರಕ್ಕಾಗಿ ಸುಡುವವರ ಕೈಗೆ ಕೊಡಬೇಡಿ, ಆ ಹೊಗೆ ಓಣಿಯ ಮಕ್ಕಳ ಮೂಗಿಗೇ ಬರುತ್ತದೆ.

ನಿಮ್ಮ ಮನೆಯ ನಿಜವಾದ ಹೊರೆ, ಪತ್ರ ಓದಿದಾಗ ನನಗೆ ಅನ್ನಿಸಿದ್ದು, ಮುಯ್ಯಿಯ ಪಾತ್ರೆ ಮತ್ತು ಕುಬಸದ ಖಣ. ಮದುವೆ, ಸೀಮಂತ, ಗೃಹಪ್ರವೇಶ ಮುಗಿದರೆ ಮನೆಗೆ ಬರುವುದು ಸ್ಟೀಲು. ಕೊಟ್ಟವರ ಹೆಸರು, ತಾರೀಖು ಚುಕ್ಕಿ ಚುಕ್ಕಿ ಅಕ್ಷರದಲ್ಲಿ ತಟ್ಟೆಯ ಅಂಚಿಗೆ ಕೊರೆದಿರುತ್ತದೆ. ಹಾಗಾಗಿ ಅದನ್ನು ಬೇರೆಯವರಿಗೆ ದಾಟಿಸುವುದಕ್ಕೂ ಸಂಕೋಚ. ಉಡಿ ತುಂಬಿದ ಖಣಗಳಾದರೂ ಮನೆಯಿಂದ ಮನೆಗೆ ಸುತ್ತುತ್ತವೆ, ಹೊಲಿಸುವವರು ಕಡಿಮೆ. ಹೊರಗೆ ಹಾಕುವುದಕ್ಕಿಂತ ಒಳಗೆ ಬರುವುದನ್ನು ತಡೆಯುವುದೇ ದೊಡ್ಡ ಕೆಲಸ, ಆ ಕೆಲಸ ಹೆಣ್ಣುಮಕ್ಕಳು ಸೇರಿ ಮಾತನಾಡಿಕೊಂಡರೆ ಮಾತ್ರ ಆಗುತ್ತದೆ. ನಿಮ್ಮ ಮನೆಯ ಮುಂದಿನ ಕಾರ್ಯಕ್ಕೆ ಬಂದವರಿಗೆ ಶೇಂಗಾ ಚಟ್ನಿಪುಡಿಯ ಪೊಟ್ಟಣ ಕೊಡಿ. ತಿಂದರೆ ಮುಗಿಯಿತು, ಯಾರ ಅಟ್ಟಕ್ಕೂ ಏರುವುದಿಲ್ಲ. ಈಗಿರುವ ತಟ್ಟೆಗಳನ್ನು ಅತ್ತೆಯೊಂದಿಗೆ ಕುಳಿತು ಆರಿಸಿ, ಮಿಕ್ಕವನ್ನು ದಾಸೋಹ ನಡೆಸುವ ಮಠಕ್ಕೋ ಶಾಲೆಗೋ ಕೇಳಿಕೊಂಡು ಕೊಡಿ. ಅನ್ನ ಬಡಿಸುವ ಕಡೆ ತಟ್ಟೆಯ ಮೇಲಿನ ಹೆಸರನ್ನು ಯಾರೂ ನೋಡುವುದಿಲ್ಲ.

ಮಾವನವರ ರೇಡಿಯೊವನ್ನು ಮುಟ್ಟಬೇಡಿ. ಅದರ ತೀರ್ಮಾನ ಅತ್ತೆಯದು, ಅವರು ತೀರ್ಮಾನಿಸದೆಯೂ ಇರಬಹುದು. ಟ್ರಂಕನ್ನು ಮಾತ್ರ ಈ ತಿಂಗಳೇ ತೆಗೆಯಬೇಕು, ಅತ್ತೆ ಮತ್ತು ನಿಮ್ಮ ಯಜಮಾನರು ಇಬ್ಬರೂ ಎದುರಿಗಿರುವಾಗ. ಒಳಗೆ ಹೊಲದ ಕಾಗದಗಳಿವೆ ಎಂದು ಬರೆದಿದ್ದೀರಿ, ನೆಲಕ್ಕೆ ತಾಗಿದ ಟ್ರಂಕಿಗೆ ಗೆದ್ದಲು ಹತ್ತಿದರೆ ತಿಳಿಯುವುದೇ ಇಲ್ಲ. ಹಳೆಯ ಕಂದಾಯದ ರಸೀದಿಗಳನ್ನೂ ಅವಸರದಲ್ಲಿ ಹರಿಯಬೇಡಿ. ಪಹಣಿಯ ಪ್ರತಿ ಸರ್ಕಾರದ ಭೂದಾಖಲೆ ವ್ಯವಸ್ಥೆಯಾದ ‘ಭೂಮಿ’ಯಲ್ಲಿ ಯಾವಾಗ ಬೇಕಾದರೂ ಸಿಗುತ್ತದೆ. ಕ್ರಯಪತ್ರ, ವಾಟ್ನಿ (ಆಸ್ತಿ ಪಾಲಿನ) ಪತ್ರಗಳ ಮೂಲ ಪ್ರತಿ ಹಾಗಲ್ಲ, ಅವನ್ನು ಬೇರೆ ಮಾಡಿ ಕಾಗದದ ಲಕೋಟೆಯಲ್ಲಿಡಿ. ಲ್ಯಾಮಿನೇಷನ್ ಮಾಡಿಸಬೇಡಿ, ಒಮ್ಮೆ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದ ಕೆಡದಂತೆ ಬಿಡಿಸುವುದು ಕಷ್ಟ. ನೋಂದಣಿಯಾದ ಪತ್ರ ಹರಿದಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಟ್ರಂಕಿನ ಕೆಳಗೆ ನಾಲ್ಕು ಇಟ್ಟಿಗೆ ಕೊಟ್ಟು, ಗೋಡೆಯಿಂದ ಒಂದು ಗೇಣು ಈಚೆ ಇಡಿ.