ಪ್ರಕೃತಿ ವಿಕೋಪದ ನಷ್ಟ ದಾಖಲಿಸುವ ಸರ್ಕಾರಿ ವಿಜ್ಞಾನಿಯ ಕೆಲಸದಲ್ಲಿ ವಿಜ್ಞಾನ ಎಷ್ಟಿದೆ?

ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿರುವ ತಾವು, ಭೂಕುಸಿತ ಮತ್ತು ನೆರೆಯ ನಷ್ಟವನ್ನು ದಾಖಲಿಸುವ ಸರ್ಕಾರಿ ಉದ್ಯೋಗ ಬರೀ ಗುಮಾಸ್ತಿಕೆಯೇ ಎಂದು ಕೇಳಿದ್ದೀರಿ. ನಾನು ಮಡಿಕೇರಿ ತಾಲ್ಲೂಕಿನವನು. ಸೇವೆಯ ಬಹುಪಾಲನ್ನು ಇದರಲ್ಲೇ ಕಳೆದಿದ್ದೇನೆ. ಪರಿಹಾರದ ಪಟ್ಟಿ ಬೇರೆ, ನಷ್ಟದ ದಾಖಲೆ ಬೇರೆ. ಮೊದಲನೆಯದರಿಂದ ಎರಡನೆಯದನ್ನು ಬಿಡಿಸಿ ತೆಗೆಯುವುದೇ ಇಲ್ಲಿನ ವಿಜ್ಞಾನ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳು ಜಾರಿದಾಗ ನನ್ನ ಕೈಸೇರಿದ ಪಟ್ಟಿಗಳಲ್ಲಿ ಎಷ್ಟೋ ಮನೆಗಳ ಮುಂದೆ ‘ಅತಿವೃಷ್ಟಿ’ ಎಂದಷ್ಟೇ ಬರೆದಿತ್ತು. ಪರಿಹಾರ ಕೊಡಲು ಅಷ್ಟು ಸಾಕು. ಆದರೆ ಮನೆ ಬಿದ್ದದ್ದು ಹಿಂದಿನ ಬರೆ (ಗುಡ್ಡದ ಕಡಿದಾದ ಮಗ್ಗುಲು) ಕುಸಿದೋ, ತೋಡು (ಹಳ್ಳ) ಉಕ್ಕಿಯೋ, ಗಾಳಿಗೆ ಮರ ಉರುಳಿಯೋ ಎಂಬುದು ತಿಳಿಯದಿದ್ದರೆ, ಮುಂದೆ ಯಾವ ಇಳಿಜಾರಿನಲ್ಲಿ ಮನೆ ಕಟ್ಟಬಾರದೆಂದು ಆ ಪಟ್ಟಿ ಹೇಳಲಾರದು. ಆದ್ದರಿಂದ ಮಹಜರಿನ ಪ್ರತಿ ಹಿಡಿದು ಜಾಗಕ್ಕೆ ಹೋಗಿ, ಕುಸಿತದ ತಲೆಯಿಂದ ಬುಡದವರೆಗೆ ನಡೆದು, ಉಪಗ್ರಹ ಚಿತ್ರದೊಂದಿಗೆ ಹೋಲಿಸಿ, ಒಂದೊಂದನ್ನೂ ನಕ್ಷೆಗೆ ಏರಿಸಬೇಕಾಗುತ್ತದೆ. ಮನೆ, ರಸ್ತೆಗಳಿಗಾಗಿ ಇಳಿಜಾರನ್ನು ಕಡಿದದ್ದೂ ಆ ವರ್ಷದ ಕುಸಿತಗಳಿಗೆ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಹೇಳಿದ್ದು ಇಂಥ ಕ್ಷೇತ್ರಕಾರ್ಯದ ಬಲದಿಂದಲೇ.

ಹಣದ ಲೆಕ್ಕ ಇನ್ನೂ ಕಠಿಣ. ಆಗಿನ ನಿಯಮದಂತೆ ಬೆಳೆ ಶೇ. 33 ಅಥವಾ ಹೆಚ್ಚು ಹಾಳಾಗಿದ್ದರೆ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 18,000 ರೂಪಾಯಿ ಪರಿಹಾರ, ಅದೂ 2 ಹೆಕ್ಟೇರಿನ ಮಿತಿಯೊಳಗೆ. ಕಾಫಿಯನ್ನು ಮರುನಾಟಿ ಮಾಡಿದರೆ ಫಸಲು ಕಾಣಲು ಮೂರು ನಾಲ್ಕು ವರ್ಷ ಬೇಕು. ನೆರಳಿನ ಮರವೂ ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೂ ಮತ್ತೆ ಆ ಎತ್ತರಕ್ಕೆ ಬರಲು ಎಷ್ಟು ಕಾಲ ಬೇಕೆಂಬುದನ್ನು ತೋಟವಿದ್ದವರೆಲ್ಲರೂ ಬಲ್ಲರು. ಮೇಲ್ಮಣ್ಣೇ ಕೊಚ್ಚಿಹೋದಲ್ಲಂತೂ ನೆಡುವ ಮಾತೇ ಇಲ್ಲ. ಇಷ್ಟಾಗಿಯೂ ವಿತರಿಸಿದ ಮೊತ್ತವನ್ನೇ ‘ಒಟ್ಟು ನಷ್ಟ’ ಎಂದು ಬರೆದ ವರದಿಗಳನ್ನು ನಾನು ಕಂಡಿದ್ದೇನೆ, ತಿದ್ದಿಸಲು ಜಗಳವನ್ನೂ ಆಡಿದ್ದೇನೆ. ತೋಟದ ಸಾಲುಮನೆ, ಅಂದರೆ ಲೈನ್‌ಮನೆಯ ಕಾರ್ಮಿಕರ ಪಾಡು ನನ್ನನ್ನು ಇಂದಿಗೂ ಕಾಡುತ್ತದೆ: ಕಟ್ಟಡದ ನಷ್ಟ ತೋಟದ ಮಾಲೀಕರ ಹೆಸರಿಗೆ ಸೇರುತ್ತದೆ, ಒಳಗಿದ್ದವರು ಕಳೆದುಕೊಂಡ ಪಾತ್ರೆ, ಬಟ್ಟೆ, ತಿಂಗಳುಗಟ್ಟಲೆ ಕೂಲಿಯನ್ನು ಕೇಳಿ ಬರೆದುಕೊಳ್ಳದಿದ್ದರೆ ಅವು ಎಲ್ಲಿಯೂ ಉಳಿಯುವುದಿಲ್ಲ.

ಸಣ್ಣ ಘಟನೆಗಳನ್ನೂ ಬಿಡಬಾರದು. ಬೆಲ್ಜಿಯಂನಿಂದ ನಡೆಯುವ ಎಮ್‌-ಡ್ಯಾಟ್ ಎಂಬ ಜಾಗತಿಕ ದತ್ತಸಂಚಯಕ್ಕೆ ಒಂದು ವಿಕೋಪ ಸೇರಬೇಕಾದರೆ 10 ಸಾವು, ಇಲ್ಲವೇ 100 ಮಂದಿ ಬಾಧಿತರು, ಇಲ್ಲವೇ ತುರ್ತುಸ್ಥಿತಿಯ ಘೋಷಣೆಯಂಥ ಅಳತೆಗಳಿವೆ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಕುಸಿದು ಅರ್ಚಕರ ಮನೆಯನ್ನು ಮಣ್ಣುಪಾಲು ಮಾಡಿದ ದುರಂತವನ್ನು ಒಂಟಿಯಾಗಿ ತೆಗೆದುಕೊಂಡರೆ ಸಾವಿನ ಆ ಅಳತೆಗೆ ಅದು ನಿಲುಕುವುದಿಲ್ಲ. ಅದನ್ನು ನೆನಪಿಟ್ಟುಕೊಳ್ಳಬೇಕಾದದ್ದು ಜಿಲ್ಲೆಯ ದಾಖಲೆಯೇ.

ಸರ್ವೇಕ್ಷಣಾ ಸಂಸ್ಥೆಗೆ ಸೇರಲು ಕೇಂದ್ರ ಲೋಕಸೇವಾ ಆಯೋಗದ ಭೂವಿಜ್ಞಾನಿ ಪರೀಕ್ಷೆ ಬರೆಯಬೇಕು. ಅದಕ್ಕೆ ಓದುತ್ತಿರುವಾಗಲೇ ಪಹಣಿ ಓದುವುದನ್ನು ಕಲಿಯಿರಿ. ಕೊಡಗಿನ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನಿನ ಪಹಣಿಯಲ್ಲಿ, ಎಂದೋ ತೀರಿಹೋದ ಪಟ್ಟೇದಾರರ (ಕುಟುಂಬದ ಹಿರಿಯರ) ಹೆಸರಿದ್ದರೆ ನಷ್ಟ ಯಾರದೆಂದು ಬರೆಯುವುದೇ ಸಮಸ್ಯೆಯಾಗುತ್ತದೆ. ರಜೆಯಲ್ಲಿ ಇತ್ತ ಬಂದರೆ ಹಳೆಯ ತೋಟದ ಮನೆಗಳಲ್ಲಿ ಮಳೆಯ ಪುಸ್ತಕ ಕೇಳಿ ನೋಡಿ. ಇಂಚಿನ ಲೆಕ್ಕದಲ್ಲಿ ದಿನದಿನದ ಮಳೆ ಬರೆದಿಟ್ಟಿರುತ್ತಾರೆ. ಗುಡ್ಡ ಜಾರುವ ಮುನ್ನ ಎಷ್ಟು ದಿನ, ಎಷ್ಟು ಮಳೆ ಸುರಿದಿತ್ತೆಂಬುದಕ್ಕೆ ಅದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಹಲವು ಕಡೆ ಸಿಕ್ಕಿಲ್ಲ.