ಆ ಜೀಪಿನಲ್ಲಿ ಆರು ಜನ ಇದ್ದರು

“ಮೇಡಂ, ಅದು ಪ್ರೀತಿನಾ, ಇಲ್ಲ ಆಮ್ಲಜನಕ ಕಡಿಮೆ ಆಗಿದ್ದಕ್ಕಾ?”

ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬಂದು ಕೂತ ಕೂಡಲೇ ಅವರು ಕೇಳಿದ್ದು ಇದನ್ನೇ. ಕೇಳುವಾಗ ನನ್ನ ಮುಖ ನೋಡಲಿಲ್ಲ.

ಗಂಡಸು, ವಯಸ್ಸು ನಲವತ್ತರ ಆಸುಪಾಸು. ಮದುವೆಯಾಗಿಲ್ಲ. ಅವರ ಒಪ್ಪಿಗೆ ಪಡೆದು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಜಾಗವನ್ನು ಮಾತ್ರ ಹಾಗೇ ಉಳಿಸಿದ್ದೇನೆ. ಅದನ್ನು ಬಿಟ್ಟರೆ ಅವರ ಪ್ರಶ್ನೆಯೇ ಅರ್ಥವಾಗುವುದಿಲ್ಲ.

ಅದು ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ಉಯುನಿ ಉಪ್ಪಿನ ಬಯಲು. 10,000 ಚದರ ಕಿಲೋಮೀಟರಿಗೂ ಜಾಸ್ತಿ ಹರಡಿಕೊಂಡ ಬಿಳಿ ನೆಲ. ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರ, ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ. ಒಂಟಿಯಾಗಿ ಹೋದವರು ಸಾಮಾನ್ಯವಾಗಿ ಗುರುತಿಲ್ಲದ ಜನರ ಜೊತೆ ಒಂದೇ ಜೀಪಿನಲ್ಲಿ ಮೂರು ದಿನ ಸುತ್ತುತ್ತಾರೆ. ಇವರ ಜೀಪಿನಲ್ಲಿ ಆರು ಜನ ಪ್ರಯಾಣಿಕರಿದ್ದರು. ಪಕ್ಕದ ಸೀಟಿನಲ್ಲಿ ಬೇರೆ ಖಂಡದಿಂದ ಬಂದಿದ್ದ, ಹೆಚ್ಚುಕಡಿಮೆ ಇವರದೇ ವಯಸ್ಸಿನ ಒಬ್ಬ ಗಂಡಸು. ಇಬ್ಬರಿಗೂ ಬರುತ್ತಿದ್ದುದು ಅರ್ಧಂಬರ್ಧ ಇಂಗ್ಲಿಷ್.

ಎರಡನೇ ರಾತ್ರಿ ತಂಗಿದ ಜಾಗ 4,000 ಮೀಟರಿಗೂ ಮೇಲೆ. ಹೊರಗೆ ನೀರು ಹೆಪ್ಪುಗಟ್ಟುವ ಚಳಿ. ಇವರಿಗೆ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳೆಸುತ್ತಿತ್ತು. ಉಳಿದವರು ಮಲಗಿದ್ದರು. ಆತ ಎದ್ದು ಬಂದ. ಗುಟುಕು ಗುಟುಕಾಗಿ ನೀರು ಕುಡಿಸಿದ. ಬೆಳಗಿನ ತನಕ ಪಕ್ಕದಲ್ಲೇ ಕೂತಿದ್ದ. ಆ ಕತ್ತಲಲ್ಲಿ ಇವರು ಜೀವನದಲ್ಲಿ ಮೊದಲ ಸಲ “ನಾನು ಗೇ” ಅಂತ ಬಾಯಿಬಿಟ್ಟು ಹೇಳಿದರು. “ನಾನೂ” ಅಂದ ಆತ. ಮಾರನೇ ಬೆಳಗ್ಗೆ ಬಿಸಿನೀರ ಬುಗ್ಗೆಗಳ ಹತ್ತಿರ, ಹಬೆಯ ಮರೆಯಲ್ಲಿ ಒಂದು ಮುತ್ತು. ಕೆಲವೇ ಗಂಟೆಗಳಲ್ಲಿ ಚಿಲಿಯ ಗಡಿ ಬಂತು. ಕೆಲವರು ಅಲ್ಲೇ ಇಳಿದು ಚಿಲಿಯ ಅಟಕಾಮಾ ಮರುಭೂಮಿಯ ಕಡೆಗೆ ಹೋಗುತ್ತಾರೆ, ಉಳಿದವರು ಉಯುನಿಗೆ ವಾಪಸಾಗುತ್ತಾರೆ. ಆತ ಇಳಿದ.

ನನ್ನ ಹತ್ತಿರ ಬರುವ ಹೊತ್ತಿಗೆ ಇದೆಲ್ಲ ಆಗಿ ನಾಲ್ಕು ತಿಂಗಳಾಗಿತ್ತು. ನಿದ್ದೆ ಸರಿಯಿರಲಿಲ್ಲ. ಆತನ ಮೆಸೇಜು ಬಂದರೆ ಸಂತೋಷ, ಆಮೇಲೆ ದಿನವಿಡೀ ಭಯ. ಯಾರಿಗೂ ಹೇಳದೆ ಎರಡು ಸಲ ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡಿದ್ದರು. ಮುತ್ತಿನಾಚೆ ಏನೂ ನಡೆದಿರಲಿಲ್ಲ. ಎಂಜಲಿನಿಂದ ಎಚ್‌ಐವಿ ಹರಡುವುದಿಲ್ಲ ಅಂತ ಅವರಿಗೆ ಗೊತ್ತಿತ್ತು ಕೂಡ. ಆ ಪರೀಕ್ಷೆ ರೋಗದ ಭಯಕ್ಕಲ್ಲ, ತಪ್ಪು ಮಾಡಿದ್ದೇನೆ, ಶಿಕ್ಷೆ ಬರಲೇಬೇಕು ಅನ್ನುವ ಭಾವನೆಗೆ. ಇಂಥ ಪರೀಕ್ಷೆಯ ವರದಿ ‘ಇಲ್ಲ’ ಅಂತ ಬಂದರೂ ಮನಸ್ಸು ಹಗುರಾಗುವುದಿಲ್ಲ. ಅದಕ್ಕೇ ಎರಡನೇ ಸಲ ಹೋಗಿದ್ದರು.

ಮೊದಲ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಅವರ ಪ್ರಶ್ನೆಗೆ ನೇರ ಉತ್ತರ ಕೊಡಲು ಹೊರಟೆ. 1974ರಲ್ಲಿ ಡಟನ್ ಮತ್ತು ಆರನ್ ಎಂಬ ಮನೋವಿಜ್ಞಾನಿಗಳು ಕೆನಡಾದ ಕ್ಯಾಪಿಲಾನೊ ತೂಗುಸೇತುವೆಯಲ್ಲಿ ಒಂದು ಪ್ರಯೋಗ ಮಾಡಿದ್ದರು. ಸೇತುವೆ ದಾಟುವ ಗಂಡಸರನ್ನು ಒಬ್ಬ ಯುವತಿ ಮಾತಾಡಿಸಿ ತನ್ನ ಫೋನ್ ನಂಬರ್ ಕೊಡುತ್ತಿದ್ದಳು. ಭಯ ಹುಟ್ಟಿಸುವ ತೂಗುಸೇತುವೆಯಲ್ಲಿ ನಂಬರ್ ಪಡೆದ 18 ಜನರಲ್ಲಿ 9 ಮಂದಿ ಆಮೇಲೆ ಫೋನ್ ಮಾಡಿದರು. ಗಟ್ಟಿಯಾದ ಸೇತುವೆಯಲ್ಲಿ 16ರಲ್ಲಿ 2 ಮಂದಿ. ಹೆದರಿಕೆಗೆ ಎದೆ ಹೊಡೆದುಕೊಂಡದ್ದನ್ನು ನಾವು ಆಕರ್ಷಣೆ ಅಂದುಕೊಳ್ಳಬಹುದು ಅನ್ನುವುದು ಅವರ ವಾದ. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಅವರ ಮುಖ ಬಾಡಿತ್ತು. “ಹಾಗಾದರೆ ಅದು ಸುಮ್ನೆ ಆಗಿದ್ದು” ಅಂದರು. ಆ ಧ್ವನಿಯಲ್ಲಿ ಸಮಾಧಾನವೂ ಇತ್ತು, ಸಾವಿನ ಮನೆಯ ದುಃಖವೂ ಇತ್ತು.

ಎರಡನೇ ಭೇಟಿಯಲ್ಲಿ ಅಲ್ಲಿಂದಲೇ ಶುರು ಮಾಡಿದೆ.

“ಜೀಪಿನಲ್ಲಿ ಎಷ್ಟು ಜನ ಇದ್ರಿ?”

“ಆರು.”

“ಎತ್ತರ ಆರು ಜನಕ್ಕೂ ಒಂದೇ ಅಲ್ವಾ? ಎದೆ ಎಲ್ಲರದ್ದೂ ಜೋರಾಗಿ ಬಡಿಯುತ್ತಿರುತ್ತೆ. ನಿಮ್ಮಿಬ್ಬರನ್ನು ಬಿಟ್ಟು ಉಳಿದ ನಾಲ್ವರ ಹೆಸರು ಹೇಳಿ.”

ಒಂದು ಹೆಸರೂ ನೆನಪಿರಲಿಲ್ಲ. ತುಂಬಾ ಹೊತ್ತು ಸುಮ್ಮನೆ ಕೂತಿದ್ದರು.

ಆ ಪ್ರಯೋಗದಲ್ಲಿ ನಾನು ಹೇಳದೇ ಬಿಟ್ಟಿದ್ದ ಒಂದು ಭಾಗವೂ ಇತ್ತು. ಯುವತಿಯ ಬದಲು ಗಂಡಸು ಮಾತಾಡಿಸಿದಾಗ ಎರಡೂ ಸೇತುವೆಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಎದೆಬಡಿತ ಇರುವ ಆಕರ್ಷಣೆಯನ್ನು ಜಾಸ್ತಿ ಮಾಡಬಹುದು. ಯಾರ ಕಡೆಗೆ ಅನ್ನುವುದನ್ನು ಅದು ತೀರ್ಮಾನಿಸುವುದಿಲ್ಲ. ಇದನ್ನು ಹೇಳಿದಾಗ ಅವರು ಮೊದಲ ಸಲ ತಲೆಯೆತ್ತಿ ನೋಡಿದರು. ಎಲ್ಲ ಆಗಿದ್ದು ಎತ್ತರದಿಂದ ಅಂದುಬಿಟ್ಟರೆ ಹಳೆಯ ಬದುಕಿಗೆ ಹಾಗೇ ವಾಪಸಾಗಬಹುದಿತ್ತು. ಅವರ ಆ ಮೊದಲ ಪ್ರಶ್ನೆಯ ಕೆಲಸವೇ ಅದಾಗಿತ್ತು ಅಂತ ನನಗನ್ನಿಸಿತು.

“ಇದನ್ನು ಸರಿಪಡಿಸೋಕೆ ಆಗುತ್ತಾ?” ಅಂತಲೂ ಒಮ್ಮೆ ಕೇಳಿದರು. ಸರಿಪಡಿಸುವಂಥದ್ದು ಇಲ್ಲಿ ಏನೂ ಇಲ್ಲ ಅಂದೆ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ಸಲಿಂಗ ಪ್ರೀತಿಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ತೆಗೆಯಿತು. ಬದಲಾಯಿಸುತ್ತೇನೆ ಅಂತ ಹೇಳುವವರ ಹತ್ತಿರ ದಯವಿಟ್ಟು ಹೋಗಬೇಡಿ ಅಂತ ಕೈ ಮುಗಿದು ಕೇಳಿಕೊಂಡೆ. ಅಂಥ ಕಡೆಯಿಂದ ಒಡೆದುಹೋಗಿ ಬಂದವರನ್ನು ನಾನು ನೋಡಿದ್ದೇನೆ.

ಇನ್ನೊಂದು ವಿಷಯ ನನ್ನನ್ನು ಕಾಡುತ್ತಿತ್ತು. ಆ ಮಾತು ಅವರ ಬಾಯಿಂದ ಬಂದದ್ದು ಇಂಗ್ಲಿಷಿನಲ್ಲಿ. ದೂರದ ಊರು, ಇನ್ನೊಮ್ಮೆ ಸಿಗದಿರಬಹುದಾದ ಮನುಷ್ಯ, ತನ್ನದಲ್ಲದ ಭಾಷೆ. ಇವು ಮೂರೂ ಸೇರಿದರೆ ಬಾಯಿ ಸಲೀಸಾಗಿ ತೆರೆದುಕೊಳ್ಳುತ್ತದೆ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ಮಾತು ಇನ್ನೂ ಮನೆಗೆ ಬಂದಿರಲಿಲ್ಲ. “ನಿಮ್ಮ ಭಾಷೆಯಲ್ಲಿ ಒಮ್ಮೆ ಹೇಳ್ತೀರಾ? ಇವತ್ತೇ ಅಂತೇನಿಲ್ಲ” ಅಂದೆ. ಮೂರು ವಾರ ಬೇಕಾಯಿತು. ಆಮೇಲೆ ಒಂದು ದಿನ ಕಿಟಕಿ ಕಡೆ ನೋಡುತ್ತಾ, “ನನಗೆ ಗಂಡಸರ ಮೇಲೆ ಮನಸ್ಸಾಗುತ್ತೆ” ಅಂದರು. ಅತ್ತರು. ನಾನು ಮಾತಾಡಲಿಲ್ಲ.

ಅಷ್ಟರಲ್ಲಿ ಆತ ಮತ್ತೆ ಭೇಟಿಯಾಗೋಣ ಅಂತ ಒಂದು ದೇಶದ ಹೆಸರು ಸೂಚಿಸಿದ್ದ. ನೋಡುವುದಕ್ಕೆ ತುಂಬಾ ಚೆಂದದ ಜಾಗ. ಆದರೆ ಅಲ್ಲಿ ಗಂಡಸರಿಬ್ಬರ ಸಂಬಂಧ ಅಪರಾಧ. ಈ ವಿಷಯದಲ್ಲಿ ನಾನು ಖಡಾಖಂಡಿತವಾಗಿ ಮಾತಾಡಿದೆ. ಜಗತ್ತಿನ 60ಕ್ಕೂ ಹೆಚ್ಚು ದೇಶಗಳಲ್ಲಿ ಇದು ಇವತ್ತಿಗೂ ಅಪರಾಧ. ಇರಾನ್, ಸೌದಿ ಅರೇಬಿಯಾದಂಥ ಕಡೆ ಮರಣದಂಡನೆಯವರೆಗೂ ಹೋಗಬಹುದು. ಉಗಾಂಡಾ 2023ರಲ್ಲಿ ಕಾನೂನನ್ನು ಇನ್ನಷ್ಟು ಬಿಗಿ ಮಾಡಿತು. ಈಜಿಪ್ಟಿನಲ್ಲಿ ಪೊಲೀಸರೇ ಡೇಟಿಂಗ್ ಆ್ಯಪ್‌ನಲ್ಲಿ ಸುಳ್ಳು ಹೆಸರಲ್ಲಿ ಮಾತಾಡಿಸಿ ಹಿಡಿದ ಪ್ರಕರಣಗಳಿವೆ. ಪ್ರವಾಸಿ ಅಂತ ವಿನಾಯಿತಿ ಇರುವುದಿಲ್ಲ. ಫೋನಿನಲ್ಲಿರುವ ಫೋಟೋ, ಮೆಸೇಜುಗಳೇ ಸಾಕ್ಷಿಯಾಗಬಹುದು. ಟಿಕೆಟ್ ತೆಗೆಯುವ ಮೊದಲು ಆ ದೇಶದ ಕಾನೂನು ನೋಡಿ, ಭೇಟಿಗೆ ಬೇರೆ ಜಾಗ ಕೇಳಿ ಅಂದೆ. ಪ್ರೀತಿಸುವವನು ಆ ಬದಲಾವಣೆಗೆ ಮುನಿಸಿಕೊಳ್ಳುವುದಿಲ್ಲ.

ಹೋಗುವುದೇ ಆದರೆ ತಮ್ಮದೇ ಬೇರೆ ರೂಮು ಇರಲಿ, ಎಲ್ಲಿದ್ದೇನೆ ಅಂತ ಒಬ್ಬರಿಗಾದರೂ ಗೊತ್ತಿರಲಿ ಅಂದೆ. ಕಾಂಡೋಮ್ ಬಗ್ಗೆ ಮಾತಾಡಿದೆವು. ಎಚ್‌ಐವಿ ತಗಲುವಂಥ ಸಂಪರ್ಕ ಆಯಿತು ಅಂತ ಅನ್ನಿಸಿದರೆ ಸೋಂಕು ತಡೆಯಲು ಪೆಪ್ ಎಂಬ ಮಾತ್ರೆಗಳಿವೆ. ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, 72 ಗಂಟೆಯೊಳಗಂತೂ ಶುರು ಮಾಡಲೇಬೇಕು. 28 ದಿನ ತೆಗೆದುಕೊಳ್ಳಬೇಕು.

ನಾನು ಒತ್ತಿ ಹೇಳಿದ್ದು ಎರಡು ಮಾತು. ಆತನ ಜೊತೆಗಿನ ಸಂಬಂಧ ಬೇರೆ, ನೀವು ಯಾರು ಅನ್ನುವುದು ಬೇರೆ. ನಾಳೆ ಆತ ಮೆಸೇಜು ಮಾಡುವುದನ್ನು ನಿಲ್ಲಿಸಿದರೂ ಎರಡನೆಯದು ನಿಮ್ಮ ಹತ್ತಿರವೇ ಇರುತ್ತದೆ. ಯಾರಿಗೆ, ಯಾವಾಗ ಹೇಳಬೇಕು ಅನ್ನುವುದನ್ನು ನೀವೇ ನಿರ್ಧರಿಸಿ, ಒಂದು ಪ್ರವಾಸದ ಬಿಸಿಯಲ್ಲಿ ಎಲ್ಲರ ಮುಂದೆ ಹೇಳಬೇಕಾಗಿಲ್ಲ.

ಇನ್ನೊಂದು, ಆ ಎತ್ತರದಿಂದ ಇಳಿದು, ದಿನನಿತ್ಯದ ಬದುಕಿನಲ್ಲಿ ಆತನನ್ನು ನೋಡಿ. ಆ ಬೆಳಗಿನ ಫೋಟೋಗಳನ್ನೇ ಮತ್ತೆ ಮತ್ತೆ ಕಳಿಸಿಕೊಳ್ಳುವುದನ್ನು ಸ್ವಲ್ಪ ದಿನ ಬಿಡಿ. ವಿಡಿಯೋ ಕಾಲಿನಲ್ಲಿ ಬಟ್ಟೆ ಮಡಚುತ್ತಾ ಮಾತಾಡಿ. ಕೆಲಸದ ಸುಸ್ತು, ನೆಗಡಿ, ಬಿಲ್ಲು ಕಟ್ಟಲು ಮರೆತದ್ದು, ಇಂಥದ್ದನ್ನೇ ಹೇಳಿಕೊಳ್ಳಿ.

ಎರಡು ತಿಂಗಳ ನಂತರ ಬಂದಾಗ ಅಕ್ಕನಿಗೆ ಹೇಳಿದ್ದೆ ಅಂದರು. ಅಕ್ಕ ಮೊದಲು ಏನೂ ಮಾತಾಡಲಿಲ್ಲವಂತೆ. ರಾತ್ರಿ ಫೋನ್ ಮಾಡಿ “ಊಟ ಮಾಡಿದ್ಯಾ?” ಅಂತಷ್ಟೇ ಕೇಳಿದರಂತೆ. ಭೇಟಿಯ ಜಾಗ ಇನ್ನೂ ನಿರ್ಧಾರವಾಗಿರಲಿಲ್ಲ. ಆತನಿಗೆ ಹಲ್ಲುನೋವು. ಹಿಂದಿನ ರಾತ್ರಿ ಮುಕ್ಕಾಲು ಗಂಟೆ ಬರೀ ಹಲ್ಲಿನ ವಿಷಯ ಹೇಳಿದನಂತೆ.

“ನನಗೆ ಬೇಜಾರೇ ಆಗಲಿಲ್ಲ ಮೇಡಂ” ಅಂದರು.