ಪ್ರಜ್ಞೆ ಹರಿಯುತ್ತದೆ ಅನ್ನುತ್ತಾರೆ, ಆದರೆ ನಮಗೆ ಸಿಗುವುದು ಈ ಕ್ಷಣ ಒಂದೇ ಅಲ್ವಾ? ಸಿನಿಮಾ ರೀಲಿನ ಹಾಗೆ ಬಿಡಿ ಚಿತ್ರಗಳೇ ಇರಬಹುದಲ್ಲ?

'ಈ ಕ್ಷಣ' ಅಂದರೆ ಒಂದು ಚುಕ್ಕಿ ಅಂತ ನೀವು ಆಗಲೇ ಒಪ್ಪಿಕೊಂಡುಬಿಟ್ಟಿದ್ದೀರಿ. ಜರ್ಮನ್ ತತ್ವಜ್ಞಾನಿ ಎಡ್ಮಂಡ್ ಹುಸ್ಸರ್ಲ್ ತಕರಾರು ತೆಗೆದದ್ದು ಅಲ್ಲೇ. 1905ರಲ್ಲಿ ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಅವರು ಕಾಲಪ್ರಜ್ಞೆಯ ಬಗ್ಗೆ ಪಾಠ ಮಾಡಿದರು. ಅದು ಪುಸ್ತಕವಾಗಿದ್ದು 1928ರಲ್ಲಿ, ಸಂಪಾದಕ ಇನ್ನೊಬ್ಬ ತತ್ವಜ್ಞಾನಿ ಹೈಡೆಗರ್. (ಹಸ್ತಪ್ರತಿಗಳನ್ನು ಒಪ್ಪ ಮಾಡಿದ ನಿಜವಾದ ಚಾಕರಿ ಹುಸ್ಸರ್ಲ್ ಸಹಾಯಕಿ ಈಡಿತ್ ಸ್ಟೈನ್ ಅವರದು. ಹೆಸರು ಬಂದದ್ದು ಮಾತ್ರ ಇನ್ನೊಬ್ಬರಿಗೆ.)

ಯಾರೋ ನಿಮಗೆ ಹೇಳುತ್ತಿದ್ದಾರೆ ಅಂದುಕೊಳ್ಳಿ: 'ನಾನು ಅವನ ಸಾಲ ಪೂರ್ತಿ...' ಅಷ್ಟಕ್ಕೇ ನಿಲ್ಲಿಸಿದರು. ಈಗ ಕಿವಿಗೆ ಬಿದ್ದದ್ದು 'ಪೂರ್ತಿ' ಮಾತ್ರ. 'ನಾನು' ಮುಗಿದುಹೋಗಿದೆ. ಆದರೂ ಅದನ್ನು ನೀವು ನೆನಪು ಮಾಡಿಕೊಳ್ಳಲಿಲ್ಲ, ಹಿಂದೆ ಹೋಗಿ ಹುಡುಕಲಿಲ್ಲ. ಅದು 'ಈಗ ತಾನೇ ಆಗಿಹೋದದ್ದು' ಅನ್ನುವ ರೂಪದಲ್ಲಿ ಇಲ್ಲೇ ಇದೆ. ಇದಕ್ಕೇ ಹುಸ್ಸರ್ಲ್ ರಿಟೆನ್ಷನ್ ಅನ್ನುವುದು. ಅದೇ ಹೊತ್ತಿಗೆ ಮನಸ್ಸು ಕ್ರಿಯಾಪದದ ಕಡೆಗೆ ವಾಲಿಕೊಂಡಿದೆ. 'ತೀರಿಸಿದೆ' ಬರಬಹುದು, 'ಮನ್ನಾ ಮಾಡಿದೆ' ಬರಬಹುದು, ಏನೂ ಬರದಿದ್ದರೆ ಕಿರಿಕಿರಿ. ಅದು ಪ್ರೊಟೆನ್ಷನ್. ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟಾಗ ಎದೆ ಧಸಕ್ಕನ್ನುತ್ತದಲ್ಲ, ಅದೂ ಇದರದ್ದೇ ಕೆಲಸ. ಇನ್ನೊಂದು ಮೆಟ್ಟಿಲಿದೆ ಅಂತ ನೀವು ಯೋಚನೆಯನ್ನೇ ಮಾಡಿರಲಿಲ್ಲ.

ಈಗ 'ನಾನು' ಅಷ್ಟೇ ಜೋರಾಗಿ ಉಳಿದುಕೊಂಡಿದ್ದರೆ? ನಾಲ್ಕೂ ಪದ ಒಟ್ಟಿಗೆ ಕೇಳಿಸಿ ಬರೀ ಗದ್ದಲ ಆಗುತ್ತಿತ್ತು. ಪೂರ್ತಿ ಅಳಿಸಿಹೋಗಿದ್ದರೆ ಬಿಡಿ ಸದ್ದುಗಳು, ವಾಕ್ಯವೇ ಇಲ್ಲ. ಹಾಗಾಗಿ ಅದು ಉಳಿಯಬೇಕು, ಆದರೆ ಕಳೆದುಹೋದದ್ದಾಗಿ ಉಳಿಯಬೇಕು. ನನ್ನ ಪ್ರಕಾರ ಇಡೀ ವಾದದಲ್ಲಿ ಗಟ್ಟಿಯಾದ ಜಾಗ ಇದು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಇದರ ಹತ್ತಿರ ಬಂದಿದ್ದರು: ಅನುಭವಗಳು ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ 'ಒಂದರ ಹಿಂದೆ ಒಂದು' ಅನ್ನುವ ಅನುಭವ ಹುಟ್ಟುವುದಿಲ್ಲ. ನಿಮ್ಮ ರೀಲು ಸೋಲುವುದು ಇಲ್ಲೇ. ಒಂದು ಚಿತ್ರಕ್ಕೆ ತನ್ನ ಹಿಂದಿನ ಚಿತ್ರ ಗೊತ್ತಿರುವುದಿಲ್ಲ, ನೋಡುವವರಿಗೆ ಗೊತ್ತಿರುತ್ತದೆ.

ಹಾಗಾದರೆ ಒಳಗೆ ಕೂತು ಈ ಹರಿವನ್ನು ನೋಡುವವರು ಯಾರು, ಅವರ ನೋಟವೂ ಹರಿಯುತ್ತದಾ, ಅದನ್ನು ನೋಡಲು ಮತ್ತೊಬ್ಬರು ಬೇಕಾ, ಹೀಗೆ ಕೇಳುತ್ತಾ ಹೋದರೆ ಕೊನೆಯೇ ಇಲ್ಲ. ಹುಸ್ಸರ್ಲ್ ಉತ್ತರ: ಬೇರೆಯವರು ಬೇಡ. ರಿಟೆನ್ಷನ್ ಹಿಡಿದಿಡುವುದು ಕೇಳಿದ ಸದ್ದನ್ನಷ್ಟೇ ಅಲ್ಲ, ಅದನ್ನು ಕೇಳಿಸಿಕೊಂಡ ಅನುಭವವನ್ನೂ. ಹಾಗಾಗಿ ಹರಿವು ತನಗೆ ತಾನೇ ಗೊತ್ತಾಗುತ್ತದೆ. ಆದರೆ 'ಹರಿವು' ಅನ್ನುವುದೂ ರೂಪಕವೇ, ಇದಕ್ಕೆಲ್ಲ ನಮ್ಮ ಹತ್ತಿರ ಹೆಸರುಗಳಿಲ್ಲ ಅಂತ ಅವರೇ ಬರೆದಿದ್ದಾರೆ. ನನಗೆ ಇದು ಅರ್ಧ ಮಾತ್ರ ಒಪ್ಪಿಗೆ. ಸಮಸ್ಯೆ ಎಲ್ಲಿದೆ ಅಂತ ತೋರಿಸುತ್ತದೆ, ಬಿಡಿಸಿದ ಹಾಗೆ ಅನ್ನಿಸುವುದಿಲ್ಲ.

ಇನ್ನು ಮಿದುಳು ತುಂಡು ತುಂಡಾಗಿಯೇ ಕೆಲಸ ಮಾಡುತ್ತಿರಬಹುದಲ್ಲ ಅಂತ ನೀವು ಕೇಳಬಹುದು. ಇರಬಹುದು. ಆದರೆ ಅದು ಬೇರೆ ಪ್ರಶ್ನೆ. ತುಂಡುಗಳಿಂದಲೇ ಆದರೂ ವಾಕ್ಯ ವಾಕ್ಯವಾಗಿ ಕೇಳಿಸಿತಲ್ಲ, ಆ ಕೇಳಿಸುವಿಕೆಯ ಒಳರಚನೆ ಹೇಗಿದೆ ಅನ್ನುವುದಷ್ಟೇ ಹುಸ್ಸರ್ಲ್ ಅವರ ವಿಷಯ.